ಮೆಗ್ನೀಸಿಯಂ ಮಾತ್ರೆ: ಹೊಟ್ಟೆ ಕೊಡುವ ಸೂಚನೆ

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಮೆಗ್ನೀಸಿಯಂ ಡಬ್ಬಿಯೊಂದನ್ನು ಕೈಗೆತ್ತಿಕೊಳ್ಳಿ. ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಮೆಗ್ನೀಸಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ’ ಎಂದಿರುತ್ತದೆ. ಪಕ್ಕದಲ್ಲೊಂದು ಚಂದ್ರನ ಚಿತ್ರ, ಒಳ್ಳೆಯ ನಿದ್ದೆಯ ಭರವಸೆ. ಅದೇ ಡಬ್ಬಿಯ ಮೇಲೆ ಇನ್ನೊಂದು ಸಾಲೂ ಇರುತ್ತದೆ: ಔಷಧೀಯ ಬಳಕೆಗೆ ಅಲ್ಲ. ಆಹಾರ ಪೂರಕಗಳ ಮೇಲೆ ಈ ಮಾತನ್ನು ಅಚ್ಚು ಹಾಕಲೇಬೇಕೆಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಆದರೆ ನಿದ್ದೆಗೆಂದು, ಕಾಲು ಸೆಳೆತಕ್ಕೆಂದು, ಆತಂಕಕ್ಕೆಂದು ಕೊಂಡವರು ಅದನ್ನು ಔಷಧವೆಂದೇ ನುಂಗುತ್ತಾರೆ. ಹಾಗೆ ನುಂಗುವುದಾದರೆ ಔಷಧಕ್ಕಿರುವ ಶಿಸ್ತೂ ಬೇಕಲ್ಲವೇ? ಯಾರಿಗೆ, ಎಷ್ಟು, ಎಷ್ಟು ದಿನ, ಯಾವುದರ ಜೊತೆ ಕೂಡದು, ಯಾವಾಗ ನಿಲ್ಲಿಸಬೇಕು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಈಗ ಮನೆಮನೆಗೂ ಹಬ್ಬುತ್ತಿರುವ ಈ ರೂಢಿಯಲ್ಲಿ ನನಗೆ ಕಾಣುವ ದೊಡ್ಡ ದೋಷ ಇದು.

ಮೊದಲ ಗೊಂದಲ ತೂಕದ್ದು. ಡಬ್ಬಿಯ ಮೇಲಿನ 1000 ಮಿ.ಗ್ರಾಂ ಇಡೀ ಸಂಯುಕ್ತದ ತೂಕ. ಗ್ಲೈಸಿನೇಟ್‌ನಲ್ಲಿ ಮೆಗ್ನೀಸಿಯಂ ಪಾಲು ನೂರಕ್ಕೆ ಸುಮಾರು 14 ಮಾತ್ರ. ಸಾವಿರದಲ್ಲಿ 140 ಸಿಕ್ಕಿತು ಅಷ್ಟೆ. ಸಿಟ್ರೇಟ್‌ನಲ್ಲಿ ಸುಮಾರು 16. ಆಕ್ಸೈಡ್‌ನಲ್ಲಿ 60ರಷ್ಟಿದೆ, ಅಗ್ಗವೂ ಹೌದು, ಆದರೆ ಅದು ನೀರಿನಲ್ಲಿ ಕರಗುವುದೇ ಕಡಿಮೆ. ಹಾಗಾಗಿ ನುಂಗಿದ್ದರಲ್ಲಿ ಹೆಚ್ಚಿನದು ರಕ್ತ ಸೇರದೆ ಕರುಳಿನಲ್ಲೇ ಉಳಿಯುತ್ತದೆ. ಗ್ಲೈಸಿನೇಟ್ ಎಂದು ಹೇಳಿ ಅದರೊಳಗೆ ಆಕ್ಸೈಡ್ ಬೆರೆಸಿ ‘ಬಫರ್ಡ್’ ಎಂಬ ಹೆಸರಿನಲ್ಲಿ ಮಾರುವುದೂ ಉಂಟು. ಹಿಂಬದಿಯ ಪಟ್ಟಿಯಲ್ಲಿ ‘ಎಲಿಮೆಂಟಲ್ ಮೆಗ್ನೀಸಿಯಂ’ ಎಂಬ ಅಂಕಿ ಇರದಿದ್ದರೆ ಆ ಡಬ್ಬಿಯನ್ನು ವಾಪಸ್ ಇಡುವುದೇ ಸರಿ. ಎಷ್ಟು ನುಂಗುತ್ತಿದ್ದೇವೆ ಎಂದೇ ತಿಳಿಯದ ಮೇಲೆ ಅದರ ಗುಣದೋಷ ಅಳೆಯುವುದು ಹೇಗೆ?

ಈ ಖನಿಜದ ಮಹತ್ವದ ಬಗ್ಗೆ ಜಾಹೀರಾತು ಹೇಳುವುದು ಸುಳ್ಳಲ್ಲ. ದೇಹದ 300ಕ್ಕೂ ಹೆಚ್ಚು ಕಿಣ್ವಗಳ ಕೆಲಸಕ್ಕೆ ಮೆಗ್ನೀಸಿಯಂ ಬೇಕು. ವಯಸ್ಕರ ಮೈಯಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ. ರಕ್ತದ ಸೀರಂನಲ್ಲಿರುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದ್ದರಿಂದ ಲ್ಯಾಬ್ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದರೂ ಒಳಗಿನ ದಾಸ್ತಾನು ಕಡಿಮೆ ಇರಲು ಸಾಧ್ಯ. ವೈದ್ಯರಿಗೆ ಇದು ರೋಗಿಯ ಹಿನ್ನೆಲೆಯನ್ನು ಇನ್ನಷ್ಟು ಕೆದಕಿ ಕೇಳಲು ಕಾರಣ. ಮಾರುವವರಿಗೆ ಇದು ಎಲ್ಲರಿಗೂ ಕೊರತೆಯಿದೆ ಎನ್ನಲು ಸಿಕ್ಕ ಸಂದು. ನಿಜವಾದ ಕೊರತೆ ಬರುವ ದಾರಿಗಳು ಗೊತ್ತಿರುವಂಥವೇ. ಬಹುಕಾಲದ ಭೇದಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ವಿಪರೀತ ಕುಡಿತ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆ. ಇಂಥವರಿಗೆ ಪೂರಕ ಕೊಡುವುದು ಚಿಕಿತ್ಸೆ. ಪೊಟ್ಯಾಸಿಯಂ ಕುಸಿದವರಿಗೆ ಮೆಗ್ನೀಸಿಯಂ ಸರಿಪಡಿಸದೆ ಎಷ್ಟೇ ಪೊಟ್ಯಾಸಿಯಂ ಕೊಟ್ಟರೂ ನಿಲ್ಲದೆ ಹೋಗುವುದುಂಟು ಎಂಬುದನ್ನು ಆಸ್ಪತ್ರೆಯಲ್ಲಿ ದುಡಿದವರೆಲ್ಲ ಬಲ್ಲರು.

ಉಳಿದ ಭರವಸೆಗಳ ವಿಷಯ ಬೇರೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವ ಹಿರಿಯರೇ ಈ ಮಾತ್ರೆಯ ದೊಡ್ಡ ಗಿರಾಕಿಗಳು. ಆದರೆ ಕಾಕ್ರೇನ್ ಸಂಸ್ಥೆ 2020ರಲ್ಲಿ ಹೊಸದಾಗಿ ಪರಿಷ್ಕರಿಸಿದ ಪರಾಮರ್ಶೆಯ ಪ್ರಕಾರ ವಯಸ್ಸಾದವರ ಸೆಳೆತ ತಡೆಯುವುದರಲ್ಲಿ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನ ಇರುವ ಸಂಭವ ಕಡಿಮೆ. ಗರ್ಭಿಣಿಯರ ಸೆಳೆತದ ಬಗ್ಗೆ ಅಧ್ಯಯನಗಳು ಒಂದಕ್ಕೊಂದು ಒಪ್ಪುವುದಿಲ್ಲ. ನಿದ್ದೆಯ ವಿಷಯಕ್ಕೆ ಬಂದರೆ, ಹಿರಿಯರ ಮೇಲೆ ನಡೆದ ಮೂರು ಸಣ್ಣ ಪ್ರಯೋಗಗಳನ್ನು 2021ರಲ್ಲಿ ಒಟ್ಟು ಹಾಕಿ ನೋಡಿದ್ದಾರೆ. ಮೂರರಲ್ಲೂ ಸೇರಿ 151 ಮಂದಿ. ನಿದ್ದೆ ಹತ್ತಲು ಹಿಡಿಯುವ ಹೊತ್ತು ಸುಮಾರು 17 ನಿಮಿಷ ತಗ್ಗಿತ್ತು, ಆದರೆ ಪುರಾವೆಯ ಗುಣಮಟ್ಟ ಕಳಪೆ ಎಂದು ಆ ಸಂಶೋಧಕರೇ ಬರೆದರು. ಇಷ್ಟು ತೆಳುವಾದ ಆಧಾರದ ಮೇಲೆ ಅಷ್ಟು ದೊಡ್ಡ ಚಂದ್ರನ ಚಿತ್ರ ಬಿಡಿಸುವುದು ತಪ್ಪು. ಬಿಪಿ ಇಳಿಯುವುದು ನಿಜ, ಆದರೆ ಬರೀ ಎರಡು ಪಾಯಿಂಟಿನಷ್ಟು. ಮೈಗ್ರೇನ್ ಒಂದರಲ್ಲಿ ಮಾತ್ರ ಗಟ್ಟಿ ಮಾತು ಕೇಳುತ್ತದೆ: 1996ರ ಜರ್ಮನ್ ಪ್ರಯೋಗದಲ್ಲಿ ದಿನಕ್ಕೆ 600 ಮಿ.ಗ್ರಾಂ ತೆಗೆದುಕೊಂಡವರಲ್ಲಿ ತಲೆನೋವಿನ ದಾಳಿಗಳು ನೂರಕ್ಕೆ 41ರಷ್ಟು ತಗ್ಗಿದವು, ಹುಸಿ ಮಾತ್ರೆ ನುಂಗಿದವರಲ್ಲಿ 16ರಷ್ಟು. ಆದರೆ ಅಲ್ಲಿಯೂ ಸುಮಾರು ಐವರಲ್ಲಿ ಒಬ್ಬರಿಗೆ ಭೇದಿ ಹತ್ತಿತ್ತು.

ಹಾಗಾದರೆ ಶಿಸ್ತು ಎಂದರೇನು? ಅದನ್ನು ನೋಡಬೇಕಾದರೆ ಯಾವುದಾದರೂ ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಬೇಕು. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಅಲ್ಲಿ ಕೊಡುವುದು ಇದೇ ಮೆಗ್ನೀಸಿಯಂ, ಸಲ್ಫೇಟ್ ರೂಪದಲ್ಲಿ. ಪ್ರಿಚರ್ಡ್ ಎಂಬ ಅಮೆರಿಕದ ವೈದ್ಯರ ಹೆಸರಿನ ಕ್ರಮ ಅದು: ಮೊದಲು 4 ಗ್ರಾಂ ನಿಧಾನವಾಗಿ ನರಕ್ಕೆ, ಒಂದೊಂದು ಪೃಷ್ಠಕ್ಕೆ 5 ಗ್ರಾಂ ಆಳವಾಗಿ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಸೂಜಿಗೂ ಮೊದಲು ಸಿಸ್ಟರ್ ಮಂಚದ ಹತ್ತಿರ ಬಂದು ರಬ್ಬರ್ ಸುತ್ತಿಗೆಯಿಂದ ಮಂಡಿ ತಟ್ಟುತ್ತಾರೆ. ಕಾಲು ಜಿಗಿಯಬೇಕು. ನಿಮಿಷಕ್ಕೆ 16 ಸಲವಾದರೂ ಉಸಿರಾಡುತ್ತಿದ್ದಾರೆಯೇ ಎಂದು ಎಣಿಸುತ್ತಾರೆ. ಬಗ್ಗಿ ಮೂತ್ರದ ಚೀಲ ನೋಡುತ್ತಾರೆ, ಗಂಟೆಗೆ 30 ಮಿ.ಲೀ. ಇಳಿದಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸೂಜಿ ಇಲ್ಲ. ವಿಷವೇರಿದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆ ಸಿಗುವಂತೆ ಇರುತ್ತದೆ. ಮೆಗ್ನೀಸಿಯಂ ಹೆಚ್ಚಾದಾಗ ಮೊದಲು ಹೋಗುವುದು ಮಂಡಿಯ ಜಿಗಿತ, ನಂತರ ಉಸಿರು, ಕೊನೆಗೆ ಹೃದಯದ ಬಡಿತ. ಸುತ್ತಿಗೆ ಮೊದಲ ಮೆಟ್ಟಿಲಲ್ಲೇ ಅದನ್ನು ಹಿಡಿಯುತ್ತದೆ. 33 ದೇಶಗಳ 10,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಪ್ರಯೋಗದಲ್ಲಿ ಈ ಔಷಧ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕರ್ಧ ಇಳಿಸಿತು. ತಾಯಂದಿರ ಜೀವ ಉಳಿಸುವ ಅಗ್ಗದ ಔಷಧಗಳಲ್ಲಿ ಇದಕ್ಕೆ ಮೇಲಿನ ಸ್ಥಾನವಿದೆ. ಆ ಗೌರವ ಅದಕ್ಕೆ ದಕ್ಕಿರುವುದು ಅಳತೆ ಮಾಡಿ ಕೊಟ್ಟಿದ್ದರಿಂದ.

ಬಾಯಿಗೆ ಹಾಕುವ ಮಾತ್ರೆಯ ಪ್ರಮಾಣ ಅಷ್ಟಿಲ್ಲ, ಸೂಜಿಯಂತೆ ನೇರ ರಕ್ತಕ್ಕೂ ಹೋಗುವುದಿಲ್ಲ. ಅಲ್ಲಿ ಸುತ್ತಿಗೆಯ ಕೆಲಸ ಮಾಡುವುದು ಹೊಟ್ಟೆ. ಹೀರಿಕೆಯಾಗದೆ ಉಳಿದ ಮೆಗ್ನೀಸಿಯಂ ಕರುಳಿನೊಳಕ್ಕೆ ನೀರು ಸೆಳೆದುಕೊಳ್ಳುತ್ತದೆ. ಹೊಟ್ಟೆ ನುಲಿಯುತ್ತದೆ, ಭೇದಿಯಾಗುತ್ತದೆ. ಇತಿಹಾಸದಲ್ಲಿ ಇದನ್ನು ಅಡ್ಡಪರಿಣಾಮ ಎಂದು ಯಾರೂ ಕರೆದಿರಲಿಲ್ಲ. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ನೀರನ್ನು 17ನೇ ಶತಮಾನದಲ್ಲಿ ಜನ ಹುಡುಕಿಕೊಂಡು ಹೋಗಿ ಕುಡಿದದ್ದೇ ಹೊಟ್ಟೆ ತೊಳೆದುಕೊಳ್ಳಲು. 1695ರಲ್ಲಿ ನೆಹೆಮಿಯಾ ಗ್ರೂ ಆ ಉಪ್ಪಿನ ಮೇಲೆ ಪುಸ್ತಕವನ್ನೇ ಬರೆದ. ಹಾಲಿನ ಬಣ್ಣದ ಮಿಲ್ಕ್ ಆಫ್ ಮೆಗ್ನೀಷಿಯಾ ಇಂದಿಗೂ ಮಲಬದ್ಧತೆಗೆ ಕೊಡುವ ಔಷಧ. ಎದೆಯುರಿಗೆ ಕುಡಿಯುವ ಸಿರಪ್‌ಗಳಲ್ಲಿ ಮೆಗ್ನೀಸಿಯಂ ಜೊತೆ ಅಲ್ಯೂಮಿನಿಯಂ ಸೇರಿಸುವುದಕ್ಕೂ ಇದೇ ಕಾರಣ. ಅಲ್ಯೂಮಿನಿಯಂ ಮಲ ಕಟ್ಟುತ್ತದೆ, ಮೆಗ್ನೀಸಿಯಂ ಸಡಿಲಿಸುತ್ತದೆ. ಪೂರಕದಿಂದ ದಿನಕ್ಕೆ 350 ಮಿ.ಗ್ರಾಂ ಮೀರಬಾರದು ಎಂದು ಅಮೆರಿಕದವರು, 250 ಎಂದು ಯುರೋಪಿನವರು ಗೆರೆ ಎಳೆದದ್ದೂ ಭೇದಿ ಶುರುವಾಗುವ ಮಟ್ಟವನ್ನು ನೋಡಿಯೇ. ಊಟದಿಂದ ಬರುವ ಮೆಗ್ನೀಸಿಯಂ ಈ ಲೆಕ್ಕದಲ್ಲಿ ಸೇರಿಲ್ಲ.

ಹೊಟ್ಟೆಯ ತೊಂದರೆ ನಿಭಾಯಿಸುವ ಉಪಾಯಗಳು ಸರಳ. ವೈದ್ಯರು ತೆಗೆದುಕೊಳ್ಳಿ ಎಂದಿದ್ದರೆ 100 ಮಿ.ಗ್ರಾಂ ಎಲಿಮೆಂಟಲ್ ಪ್ರಮಾಣದಿಂದ ಶುರು ಮಾಡಿ, ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ತೆಗೆದುಕೊಳ್ಳಿ. ಪ್ರಮಾಣ ಹೆಚ್ಚಿದ್ದರೆ ಎರಡು ಹೊತ್ತಿಗೆ ಹಂಚಿ. ಮಲ ನೀರಾದರೆ ನಿಲ್ಲಿಸಿ, ಓಆರ್‌ಎಸ್ ಕುಡಿಯಿರಿ, ಸರಿಹೋದ ಮೇಲೆ ಕಡಿಮೆ ಪ್ರಮಾಣದಲ್ಲಿ ನೋಡಬಹುದು. ಆಕ್ಸೈಡ್ ಒಗ್ಗದಿದ್ದರೆ ಗ್ಲೈಸಿನೇಟ್‌ಗೆ ಬದಲಾಯಿಸಿದಾಗ ಎಷ್ಟೋ ಜನರ ಹೊಟ್ಟೆ ತಣ್ಣಗಾಗುತ್ತದೆ. ಇಲ್ಲಿಯವರೆಗೆ ನನ್ನ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ‘ಹೊಟ್ಟೆಗೆ ಹಿತ’ ಎಂಬ ಗುಣವನ್ನೇ ಸುರಕ್ಷತೆ ಎಂದು ಮಾರುವುದರ ಬಗ್ಗೆ. ಭೇದಿ ನಿಂತಿತೆಂದರೆ ಎಚ್ಚರಿಕೆಯ ಗಂಟೆಯೂ ನಿಂತಿತು. ಕಿಡ್ನಿ ಗಟ್ಟಿಯಿದ್ದವರಿಗೆ ಅದರಿಂದ ನಷ್ಟವಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಸೋತವರಿಗೆ ಹೋಗಲು ದಾರಿಯಿಲ್ಲ. ಅದು ರಕ್ತದಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗುತ್ತದೆ. ತೂಕಡಿಕೆ, ವಾಕರಿಕೆ, ಕೈಕಾಲಿನ ನಿಶ್ಶಕ್ತಿ, ಬಿಪಿ ಇಳಿತ. ವಯಸ್ಸಾದವರಲ್ಲಿ ಇದನ್ನೆಲ್ಲ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಬಿಟ್ಟುಬಿಡುವುದೇ ಹೆಚ್ಚು.

ಇದು ಬರೀ ಊಹೆಯ ಭಯವಲ್ಲ. ಜಪಾನಿನಲ್ಲಿ ಮೆಗ್ನೀಸಿಯಂ ಆಕ್ಸೈಡ್ ಮಲಬದ್ಧತೆಗೆ ಬಹುಬಳಕೆಯ ಔಷಧ. ರಕ್ತದಲ್ಲಿ ಮೆಗ್ನೀಸಿಯಂ ಮಿತಿಮೀರಿ ಸಾವುಗಳೂ ಸಂಭವಿಸಿದ್ದರಿಂದ ಅಲ್ಲಿನ ಆರೋಗ್ಯ ಇಲಾಖೆ 2008ರಲ್ಲಿ, ಮತ್ತೆ 2015ರಲ್ಲಿ ಎಚ್ಚರಿಕೆ ಕೊಟ್ಟಿತು. ತೊಂದರೆಗೆ ಒಳಗಾದವರಲ್ಲಿ ಹಿರಿಯರೇ ಹೆಚ್ಚು. ಕರುಳು ನಿಧಾನವಾಗಿದ್ದರೆ ಮಾತ್ರೆ ಒಳಗೆ ಹೆಚ್ಚು ಹೊತ್ತು ಕೂತು ಹೆಚ್ಚು ಹೀರಿಕೆಯಾಗುತ್ತದೆ, ಮಲ ಕಟ್ಟಿದವರಿಗೆ ಭೇದಿಯ ಸೂಚನೆಯೂ ಸಿಗುವುದಿಲ್ಲ. ನಮ್ಮಲ್ಲಿ ಹತ್ತಾರು ವರ್ಷದ ಶುಗರ್, ಬಿಪಿ ಇರುವ ಎಷ್ಟು ಮಂದಿಗೆ ಕಿಡ್ನಿಯ ಸ್ಥಿತಿ ತೋರಿಸುವ ತಮ್ಮ ಕ್ರಿಯಾಟಿನಿನ್ ಎಷ್ಟೆಂದು ಗೊತ್ತಿದೆ? ಕಾಲು ಸೆಳೆತ ಎಂದು ಮೆಡಿಕಲ್ ಶಾಪಿಗೆ ಬರುವವರೂ ಹೆಚ್ಚಾಗಿ ಅವರೇ. ಡಬ್ಬಿ ಕೊಳ್ಳುವ ಮುನ್ನ ಆ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೌಂಟರಿನ ಹುಡುಗ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ.

ಇನ್ನೊಂದು ಅಡ್ಡಪರಿಣಾಮ ಕಣ್ಣಿಗೇ ಬೀಳುವುದಿಲ್ಲ. ನಮ್ಮ ದೊಡ್ಡಮ್ಮನ ಮಾತ್ರೆ ಡಬ್ಬಿಯಲ್ಲಿ ಬೆಳಗಿನ ಗೂಡಿಗೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರನ್ನೂ ಒಟ್ಟಿಗೆ ತುಂಬಿಡುತ್ತಿದ್ದರು. ಕಾಫಿಗೆ ಮುಂಚೆ ಒಂದೇ ಗುಟುಕಿಗೆ ಮೂರೂ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಏರಿತು, ಥೈರಾಯ್ಡ್ ಮಾತ್ರೆಯ ಪವರ್ ಏರಿಸಿದರು, ಆದರೂ ಟಿಎಸ್‌ಎಚ್ ಇಳಿಯಲಿಲ್ಲ. ‘ಎಲ್ಲ ಒಟ್ಟಿಗೆ ನುಂಗ್ತೀರಾ ಅಮ್ಮ?’ ಎಂದು ಒಬ್ಬ ಎಳೆಯ ಡಾಕ್ಟರು ಕೇಳುವ ತನಕ ಯಾರಿಗೂ ಹೊಳೆದಿರಲಿಲ್ಲ. ಮೆಗ್ನೀಸಿಯಂ ಕರುಳಿನಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಕ್ಯಾಲ್ಸಿಯಂ ಕೂಡ ಹಾಗೇ. ಥೈರಾಯ್ಡ್ ಮಾತ್ರೆಗೂ ಇವುಗಳಿಗೂ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳಿಗೂ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ಗೂ ಇದೇ ಗತಿ. ಪೂರಕ ನುಂಗುತ್ತಿರುವುದನ್ನು ವೈದ್ಯರಿಗೆ ಹೇಳದಿರುವ ನಮ್ಮ ಅಭ್ಯಾಸ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ. ‘ಅದು ಬರೀ ಶಕ್ತಿ ಮಾತ್ರೆ’ ಎಂದುಕೊಂಡು ಪಟ್ಟಿಯಿಂದ ಬಿಟ್ಟದ್ದೇ ಮುಖ್ಯವಾದ ಔಷಧವನ್ನು ಕೆಲಸಕ್ಕೆ ಬಾರದಂತೆ ಮಾಡಿರುತ್ತದೆ.

ಊಟದಲ್ಲಿ ಸಾಕಷ್ಟು ಸಿಗುವುದಿಲ್ಲವೇ ಎಂದರೆ, ತಟ್ಟೆಯಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಐಸಿಎಂಆರ್ 2020ರಲ್ಲಿ ಗಂಡಸರಿಗೆ ದಿನಕ್ಕೆ 440 ಮಿ.ಗ್ರಾಂ, ಹೆಂಗಸರಿಗೆ 370 ಎಂದು ಗೊತ್ತುಮಾಡಿತು. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿ.ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 20ರ ಆಸುಪಾಸು. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿಯಿತೆಂದರೆ 200 ದಾಟಿತು. ಅದಕ್ಕೆ ಹುರುಳಿ ಅಥವಾ ಸೊಪ್ಪಿನ ಸಾರು, ಒಂದು ಹಿಡಿ ಕಡಲೆಕಾಯಿ, ಎಳ್ಳಿನ ಚಟ್ನಿಪುಡಿ ಸೇರಿದರೆ ಮಾತ್ರೆಯ ಮಾತೇ ಬರುವುದಿಲ್ಲ. ರಾಗಿಯ ಫೈಟೇಟ್ ಅದರಲ್ಲಿ ಒಂದಷ್ಟನ್ನು ಹೀರಿಕೆಗೆ ಸಿಗದಂತೆ ಹಿಡಿದಿಡುತ್ತದೆ ನಿಜ, ಮೊಳಕೆ ಬರಿಸಿದರೆ, ಹುದುಗಿಸಿದರೆ ಅದು ತಗ್ಗುತ್ತದೆ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮೈದಾ ತಿನ್ನುವವರಿಗೆ ಕಡಿಮೆ ಬೀಳುವುದು ಖಂಡಿತ ಸಾಧ್ಯ. ಅವರಿಗೂ ಮೊದಲು ಬದಲಾಗಬೇಕಾದ್ದು ತಟ್ಟೆ ಎಂದೇ ನನ್ನ ಅಭಿಪ್ರಾಯ. ಊಟದ ಮೆಗ್ನೀಸಿಯಂನಿಂದ ಆರೋಗ್ಯವಂತರಿಗೆ ಭೇದಿಯಾಗುವುದಿಲ್ಲ.

ಗ್ಯಾಸ್ ಮಾತ್ರೆಯ ವಿಷಯ ಮೇಲೆ ಒಂದೇ ಮಾತಿನಲ್ಲಿ ಮುಗಿಸಿದ್ದೆ, ಅದಕ್ಕೆ ಇನ್ನಷ್ಟು ಜಾಗ ಸಲ್ಲಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥವನ್ನು ತಿಂಡಿಗೆ ಮುಂಚೆ ನುಂಗುವುದು ಎಷ್ಟೋ ಮನೆಗಳಲ್ಲಿ ಹಲ್ಲುಜ್ಜಿದಷ್ಟೇ ನಿತ್ಯದ ಕೆಲಸ. ಇವನ್ನು ದೀರ್ಘಕಾಲ, ಹೆಚ್ಚಿನ ಪಾಲು ಒಂದು ವರ್ಷಕ್ಕೂ ಮೀರಿ ತೆಗೆದುಕೊಂಡವರಲ್ಲಿ ಮೆಗ್ನೀಸಿಯಂ ಕುಸಿಯಬಹುದು ಎಂದು ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಕುಸಿದರೆ ಸ್ನಾಯು ಸೆಳೆತ, ನಡುಕ, ಎದೆಬಡಿತದ ಏರುಪೇರು. ಆ ಸೆಳೆತಕ್ಕೆಂದು ಮೆಗ್ನೀಸಿಯಂ ಡಬ್ಬಿ ಮನೆಗೆ ಬರುತ್ತದೆ, ಗ್ಯಾಸ್ ಮಾತ್ರೆಯೂ ಮುಂದುವರಿಯುತ್ತದೆ. ಎಫ್‌ಡಿಎ ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ಪೂರಕ ಕೊಟ್ಟರೂ ಮೆಗ್ನೀಸಿಯಂ ಏರಲಿಲ್ಲ. ಗ್ಯಾಸ್ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಹಾಗಾಗಿ ಸೆಳೆತವೆಂದು ಮೆಗ್ನೀಸಿಯಂ ಕೊಳ್ಳಲು ಹೊರಟವರು ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮೊದಲು ವೈದ್ಯರ ಬಳಿ ಹೋಗಲಿ. ಯಾವುದನ್ನು ಸೇರಿಸಬೇಕು ಎಂದು ಕೇಳುವ ಮುನ್ನ, ಇವುಗಳಲ್ಲಿ ಯಾವುದನ್ನು ಇನ್ನು ನಿಲ್ಲಿಸಬಹುದು ಎಂದು ಕೇಳಲಿ.