ನೆಲದಿಂದ ಏಳುವ ಅಜ್ಜಿ

ನೆಟ್‌ಫ್ಲಿಕ್ಸ್‌ನಲ್ಲಿ 2023ರಲ್ಲಿ ಬಂದ ಡ್ಯಾನ್ ಬ್ಯೂಟ್ನರ್ ಅವರ ‘ಲಿವ್ ಟು 100: ಸೀಕ್ರೆಟ್ಸ್ ಆಫ್ ದ ಬ್ಲೂ ಝೋನ್ಸ್’ ಸರಣಿ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದವರು ಜಪಾನಿನ ಓಕಿನಾವಾದ, ನೂರು ದಾಟಿದ ಒಬ್ಬ ಅಜ್ಜಿ. ಅವರು ಚಾಪೆಯ ಮೇಲೆ ಕೂರುತ್ತಾರೆ, ಸಲೀಸಾಗಿ ಏಳುತ್ತಾರೆ. ನನಗೆ ನನ್ನ ಅಜ್ಜಿಯ ಈಳಿಗೆಮಣೆ ನೆನಪಾಯಿತು. ಒಂದು ಕಾಲು ಮಡಚಿ, ಇನ್ನೊಂದನ್ನು ಮಣೆಯ ಮೇಲೆ ಊರಿ ಸೊಪ್ಪು ಹೆಚ್ಚುತ್ತಿದ್ದವಳು ಸಾರು ಉಕ್ಕಿತೆಂದರೆ ಥಟ್ಟನೆ ಎದ್ದು ನಿಲ್ಲುತ್ತಿದ್ದಳು. ವ್ಯಾಯಾಮ ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ.

ಜನ ಹೆಚ್ಚು ಕಾಲ ಬಾಳುತ್ತಾರೆ ಎನ್ನಲಾದ ಪ್ರದೇಶಗಳೇ ‘ಬ್ಲೂ ಝೋನ್’ಗಳು. ಸರಣಿ ಗೆಲ್ಲುವುದು ಅಲ್ಲಿನ ಇಂಥ ನೋಟಗಳಲ್ಲಿ. ಇಟಲಿಯ ಸಾರ್ಡಿನಿಯಾದ ಕಡಿದಾದ ಓಣಿಗಳು, ಕೋಸ್ಟರಿಕಾದ ನಿಕೋಯಾದ ಹುರುಳಿಕಾಯಿ ಬೀಜ ಮತ್ತು ಮುಸುಕಿನ ಜೋಳದ ಊಟ, ಹೊಟ್ಟೆ ನೂರಕ್ಕೆ ಎಂಬತ್ತು ಪಾಲು ತುಂಬಿದಾಗಲೇ ಕೈ ತೊಳೆಯುವ ಓಕಿನಾವಾದ ರೂಢಿ. ಎಲ್ಲವೂ ದಿನಚರಿಯೊಳಗೇ ಬೆರೆತ ಆರೋಗ್ಯ.

ಆದರೆ ಶತಾಯುಷಿಗಳ ಲೆಕ್ಕದ ಬಗ್ಗೆ ಗಂಭೀರ ತಕರಾರಿದೆ. ಜನನ ದಾಖಲೆ ಸರಿಯಿಲ್ಲದ, ಬಡತನ ಹೆಚ್ಚಿರುವ ಕಡೆಗಳಲ್ಲೇ ಶತಾಯುಷಿಗಳು ಹೆಚ್ಚು ‘ಸಿಗುತ್ತಾರೆ’ ಎಂದು ತೋರಿಸಿದ ಸಂಶೋಧಕ ಸಾಲ್ ನ್ಯೂಮನ್ ಅವರಿಗೆ 2024ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. 2010ರಲ್ಲಿ ಜಪಾನ್ ಹುಡುಕಿದಾಗ, ಕಡತದಲ್ಲಿ ಬದುಕಿದ್ದ 2.3 ಲಕ್ಷಕ್ಕೂ ಹೆಚ್ಚು ಶತಾಯುಷಿಗಳ ಪತ್ತೆಯೇ ಇರಲಿಲ್ಲ. ವಯಸ್ಸನ್ನು ಪರಿಶೀಲಿಸಿಯೇ ಹೇಳಿದ್ದೇವೆ ಎಂಬುದು ಬ್ಲೂ ಝೋನ್ ಸಂಶೋಧಕರ ಉತ್ತರ. ಹೀಗಿರುವಾಗ ನೂರು ಎಂಬ ಅಂಕಿಯನ್ನು ಶೀರ್ಷಿಕೆಗೇ ಏರಿಸಿದ್ದು ದುಡುಕು.

ನನ್ನ ದೊಡ್ಡ ಆಕ್ಷೇಪ ‘ಸೀಕ್ರೆಟ್’ ಎಂಬ ಪದದ ಮೇಲೆ. ಗುಟ್ಟು ಎಂದೊಡನೆ ಅದನ್ನು ಕೊಂಡು ಮನೆಗೆ ಒಯ್ಯಬಹುದು ಎನಿಸುತ್ತದೆ. ‘ಬ್ಲೂ ಝೋನ್ಸ್’ ಈಗಾಗಲೇ ವ್ಯಾಪಾರಮುದ್ರೆ. ಓಕಿನಾವಾದ ಚರಿತ್ರೆ ಬೇರೆಯೇ ಹೇಳುತ್ತದೆ. 1972ರವರೆಗೆ ಅಮೆರಿಕದ ಆಡಳಿತದಲ್ಲಿದ್ದ ಆ ದ್ವೀಪಕ್ಕೆ ಬರ್ಗರ್, ಡಬ್ಬಿ ಮಾಂಸ, ಕಾರು ಬಂದವು. ದಿನದ ಊಟವಾಗಿದ್ದ ಗೆಣಸು ತಟ್ಟೆಯಿಂದ ಸರಿಯಿತು. ಜಪಾನಿನ 47 ಪ್ರಾಂತ್ಯಗಳಲ್ಲಿ ಅಲ್ಲಿನ ಗಂಡಸರ ಆಯುರ್ಮಾನ 2000ದ ಹೊತ್ತಿಗೆ 26ನೇ ಸ್ಥಾನಕ್ಕೆ ಕುಸಿಯಿತು. ಅದೇ ಜನ, ಅದೇ ರಕ್ತ. ಸುತ್ತಲಿನ ಬದುಕು ಮಾತ್ರ ಬೇರೆ. ಸರಣಿಯ ಒಟ್ಟು ಸ್ವರದಲ್ಲಿ ಈ ಕುಸಿತಕ್ಕೆ ತಕ್ಕ ತೂಕ ಸಿಕ್ಕಿಲ್ಲ.

ಅಲ್ಲಿನ ‘ಮೊಆಯಿ’ಯನ್ನೇ ನೋಡಿ. ಸರಣಿ ಅದನ್ನು ಗೆಳೆತನದ ಬಳಗವೆಂದು ಕೊಂಡಾಡುತ್ತದೆ. ಮೂಲದಲ್ಲಿ ಅದು ನಮ್ಮ ಚೀಟಿಯೇ: ತಿಂಗಳು ತಿಂಗಳು ಎಲ್ಲರೂ ದುಡ್ಡು ಹಾಕುತ್ತಾರೆ, ಸರದಿಯಂತೆ ಒಬ್ಬರು ಎತ್ತುತ್ತಾರೆ. ಒಬ್ಬರಿಗೊಬ್ಬರು ಬೇಕಾಗಿದ್ದರಿಂದ ಸೇರಿದರು. ಸೇರುತ್ತ ಸೇರುತ್ತ ನಂಟು ಬೆಳೆಯಿತು. ಆ ಬೇಕು ಇಲ್ಲದ ಕಡೆ ‘ಗೆಳೆಯರನ್ನು ಮಾಡಿಕೊಳ್ಳಿ’ ಎಂಬ ಉಪದೇಶಕ್ಕೆ ಬೇರು ಎಲ್ಲಿಂದ ಬರಬೇಕು?

ಕೊನೆಯಲ್ಲಿ ಸರಣಿ ಸಿಂಗಪುರಕ್ಕೆ ಹೋಗಿ, ಸರ್ಕಾರದ ನೀತಿಯೂ ಆಯುಷ್ಯ ಹೆಚ್ಚಿಸಬಲ್ಲದು ಎನ್ನುತ್ತದೆ. ಮಾತು ಶುರುವಾಗಬೇಕಿದ್ದದ್ದೇ ಅಲ್ಲಿಂದ. ಮುದುಕರು ಎಡವದೆ ನಡೆಯಬಲ್ಲ ಕಾಲುದಾರಿ, ಕೈಗೆಟುಕುವ ಬೆಲೆಗೆ ಸೊಪ್ಪು, ಸಂಜೆ ಕೂರಲು ಒಂದು ಜಗಲಿ: ಇವನ್ನು ಒಬ್ಬರ ಸಂಕಲ್ಪವೊಂದೇ ಕಟ್ಟಲಾರದು.

ಅಜ್ಜಿಯ ಈಳಿಗೆಮಣೆ ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಅಮ್ಮ ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುತ್ತಾಳೆ. ನೆಲಕ್ಕೆ ಕೂತರೆ ಏಳಲು ನನ್ನ ಕೈ ಬೇಕು. ದುಡಿಮೆಯಲ್ಲಿ ಅವಳು ಅಜ್ಜಿಗೆ ಒಂದಿಷ್ಟೂ ಕಡಿಮೆಯಲ್ಲ. ಅಡುಗೆಮನೆ ಸೊಂಟದೆತ್ತರಕ್ಕೆ ಏರಿದ ದಿನ ಅವಳಿಗೆ ನೆಲದ ನಂಟು ತಪ್ಪಿತು.