ಬೈಬಲ್ಲಿನ ಒಡಂಬಡಿಕೆಯೂ ಕೋಲಾರ ಸೀಮೆಯ ದತ್ತಿಶಾಸನಗಳೂ

ಕನ್ನಡ ಬೈಬಲ್ಲಿನ ಎರಡು ಭಾಗಗಳು ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿವೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಕಾಲದಿಂದ ಈ ಗ್ರಂಥದ ಭಾಷಾಂತರವು ಹಲವು ಸಲ ಪರಿಷ್ಕಾರ ಹೊಂದಿದೆ. ಗ್ರಂಥಕ್ಕೆ ಹೆಸರನ್ನೇ ಕೊಟ್ಟಿರುವ ಈ ಒಂದು ಶಬ್ದವು ಮೂಲದ ಅರ್ಥವನ್ನು ಎಷ್ಟರಮಟ್ಟಿಗೆ ಹೊರಬಲ್ಲುದು, ದೇವರು ಮಾತಿಗೆ ತಪ್ಪನೆಂಬ ಬೈಬಲ್ಲಿನ ಮುಖ್ಯ ಭಾವವು ಅದರಿಂದ ಎಷ್ಟು ತಿಳಿದುಬರುವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಒಡಂಬಡು ಎಂದರೆ ಸಮ್ಮತಿಸು, ಒಪ್ಪು. ಆದುದರಿಂದ ಒಡಂಬಡಿಕೆ ಎಂದೊಡನೆ ಇಬ್ಬರು ಪರಸ್ಪರ ಒಪ್ಪಿ ಮಾಡಿಕೊಂಡ ಏರ್ಪಾಡೆಂಬ ಅರ್ಥವು ಮನಸ್ಸಿಗೆ ಬರುತ್ತದೆ. ಹೀಬ್ರೂ ಮೂಲದ 'ಬೆರೀತ್' ಶಬ್ದಕ್ಕೆ ಈ ಅರ್ಥವು ಸೀನಾಯಿ ಬೆಟ್ಟದ ಪ್ರಸಂಗದಲ್ಲಿ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಜನರು ಆಜ್ಞೆಗಳನ್ನು ಕೇಳಿ, ನಡೆಸುವೆವೆಂದು ಬಾಯಿಬಿಟ್ಟು ಹೇಳುತ್ತಾರೆ. ಆದರೆ ನೋಹನ ಪ್ರಸಂಗದಲ್ಲಿ ಯಾರ ಸಮ್ಮತಿಯನ್ನೂ ಕೇಳಿಲ್ಲ. ಮೃಗಪಕ್ಷಿಗಳಿಗೂ ಸೇರಿದಂತೆ ವಾಗ್ದಾನ ದೊರೆಯುತ್ತದೆ. ಅಬ್ರಹಾಮನಂತೂ ಆ ವೇಳೆಯಲ್ಲಿ ಗಾಢನಿದ್ರೆಯಲ್ಲಿರುತ್ತಾನೆ. ಈ ಭೇದವನ್ನರಿತೇ ಪ್ರಾಚೀನ ಗ್ರೀಕ್ ಭಾಷಾಂತರಕಾರರು ಪರಸ್ಪರ ಒಪ್ಪಂದವನ್ನು ಸೂಚಿಸುವ 'ಸುಂಥೇಕೆ' ಎಂಬುದನ್ನು ಬಿಟ್ಟು 'ದಿಯಾಥೇಕೆ' ಎಂಬುದನ್ನು ಆರಿಸಿಕೊಂಡಂತೆ ತೋರುತ್ತದೆ. ಅದಕ್ಕೆ ಮರಣಶಾಸನವೆಂಬ ಅರ್ಥವೂ ಉಂಟು. ಇಬ್ರಿಯರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯದ ವಾದವು ಈ ಅರ್ಥವನ್ನೇ ಅವಲಂಬಿಸಿದೆ. ಒಬ್ಬನು ಕೊಡುವನು, ಮತ್ತೊಬ್ಬನು ಪಡೆಯುವನು ಎಂಬುದೇ ಅದರ ತಿರುಳು.

ಈ ಭಾವಕ್ಕೆ ಸಮೀಪವಾದುದು ನಮ್ಮಲ್ಲಿ ಕರಾರುಪತ್ರವಲ್ಲ, ದತ್ತಿಶಾಸನ. ಹುತ್ತೂರು ಮೊದಲಾದ ಹೋಬಳಿಗಳುಳ್ಳ ಕೋಲಾರ ತಾಲ್ಲೂಕು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವುಗಳನ್ನೊಳಗೊಂಡ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರಿಗೆ ಬಿತ್ತುವಟ್ಟ, ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಕಲ್ನಾಡು ಮುಂತಾದ ಕೊಡುಗೆಗಳು ಅಲ್ಲಿ ದೊರೆಯುತ್ತವೆ. ಕೊಟ್ಟವನ ಮಾತೇ ಇವುಗಳಿಗೆ ಆಧಾರ. ಆ ಮಾತು ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂಬುದು ದತ್ತಿಶಾಸನಗಳ ವಾಡಿಕೆ. 89ನೆಯ ಕೀರ್ತನೆಯಲ್ಲಿ ದಾವೀದನ ಸಿಂಹಾಸನಕ್ಕೆ ಹೇಳಿರುವ ಉಪಮಾನವೂ ಸೂರ್ಯಚಂದ್ರರೇ. ಯೆರೆಮೀಯನು ಹಗಲಿರುಳುಗಳ ಕ್ರಮವನ್ನು ಹೇಳುತ್ತಾನೆ. ಇದನ್ನು ಅನುಕರಣವೆನ್ನಲು ಕಾರಣವಿಲ್ಲ. ತಪ್ಪದೆ ಬರುವುದಕ್ಕೆ ಎಲ್ಲರ ಕಣ್ಣಿಗೂ ಕಾಣುವ ಸಾಕ್ಷಿ ಆಕಾಶದಲ್ಲಿಯೇ ಇದೆ.

ಸಾಮ್ಯಕ್ಕಿಂತಲೂ ಭೇದವು ಹೆಚ್ಚು ಬೋಧಕವಾಗಿದೆ. ದತ್ತಿಶಾಸನದ ಕೊನೆಯ ಶಾಪವು ಮುಂದೆ ಧರ್ಮವನ್ನು ಅಳಿಯುವವನಿಗೆ ಮೀಸಲು; ಅವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು. ಕೊಟ್ಟವನು ಮರ್ತ್ಯನಾದುದರಿಂದ ಮುಂದಿನ ಅರಸರನ್ನು ಶಂಕಿಸುವುದು ಸಹಜ. ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿಯಾದರೋ ಕಡಿದಿಟ್ಟ ಪಶುಗಳ ನಡುವೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹಾದುಹೋಗುತ್ತವೆ. ಹಾಗೆ ಹಾದು ಮಾತಿಗೆ ತಪ್ಪಿದವನು ಆ ಪಶುವಿನಂತಾಗುವನೆಂಬುದು ಯೆರೆಮೀಯನ 34ನೆಯ ಅಧ್ಯಾಯದಿಂದ ತಿಳಿಯುತ್ತದೆ. ಅಬ್ರಹಾಮನು ಹಾಯಲಿಲ್ಲ, ದೈವಸಾನ್ನಿಧ್ಯದ ಚಿಹ್ನೆಯಾದ ಅಗ್ನಿಯೊಂದೇ ಹಾಯಿತು. ಎಂದರೆ ಶಾಪದ ಭಾರವನ್ನು ದಾತನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡಿದ್ದಾನೆ.

ಇಷ್ಟರಿಂದ ವಾಗ್ದಾನ ಒಂದು ಕಡೆ, ನೆರವೇರಿಕೆ ಇನ್ನೊಂದು ಕಡೆ ಎಂದು ಪಟ್ಟಿ ಬರೆದು ತೃಪ್ತರಾಗುವ ವ್ಯಾಖ್ಯಾನವು ಸಾಲದು. ಮೇಲೆ ಹೇಳಿದ 89ನೆಯ ಕೀರ್ತನೆಯೇ ಇದಕ್ಕೆ ಅಡ್ಡಬರುತ್ತದೆ. ಮೂವತ್ತೇಳು ವಚನಗಳವರೆಗೆ ವಾಗ್ದಾನವನ್ನು ಕೊಂಡಾಡಿದ ಕವಿಯು ಆಮೇಲೆ ತಟ್ಟನೆ ತಿರುಗಿ, ಆ ಮಾತು ಮುರಿದುಬಿದ್ದಿತೆಂದು ದೇವರ ಮೇಲೆಯೇ ದೂರು ಹೇಳುತ್ತಾನೆ. ಮೊದಲಿನ ಕೃಪೆ ಎಲ್ಲಿ ಹೋಯಿತೆಂದು ಕೇಳುತ್ತಾನೆ. ಇದು ನಾಸ್ತಿಕನ ಮಾತಲ್ಲ. ಮಾನ್ಯದ ಭೂಮಿಯನ್ನು ಕಳೆದುಕೊಂಡವನು ತಾಮ್ರಪಟವನ್ನು ಹಿಡಿದು ಅರಸನ ಬಾಗಿಲಿಗೆ ಹೋಗುವುದು ಆ ಪಟದಲ್ಲಿ ನಂಬಿಕೆಯಿರುವುದರಿಂದಲೇ. ದೂರನ್ನು ಅಳಿಸದೆ ಸ್ತೋತ್ರಗಳ ನಡುವೆಯೇ ಉಳಿಸಿಕೊಂಡಿರುವುದು ಹೀಬ್ರೂ ಸಾಹಿತ್ಯದ ಹಿರಿಮೆ. ಯೆರೆಮೀಯನ 31ನೆಯ ಅಧ್ಯಾಯದಲ್ಲಿ ಇದಕ್ಕೆ ಒಂದು ಬಗೆಯ ಉತ್ತರವಿದೆ: ಮುರಿದವರು ಜನರು; ಹೊಸದಾಗಿ ಬರೆಯುವವನು ದಾತನು; ಬರೆಯುವುದು ಕಲ್ಲಿನ ಮೇಲಲ್ಲ, ಹೃದಯದ ಮೇಲೆ.

ಹಾಗಾದರೆ ಒಡಂಬಡಿಕೆ ಎಂಬ ಶಬ್ದವನ್ನು ಬಿಡಬೇಕೇ? ಬೇಡವೆಂದೇ ನಮ್ಮ ಅಭಿಪ್ರಾಯ. ರೂಢಿಯಿಂದ ಅದು ಬೇರೂರಿದೆ. ಜನರ ಹೊಣೆಯನ್ನು ನೆನಪಿಸುವ ಶಕ್ತಿಯೂ ಅದರಲ್ಲಿದೆ. ಆದರೆ ಪಾಠ ಹೇಳುವವರು ಅದನ್ನು ವ್ಯವಹಾರದ ಕರಾರಿನಂತೆ ವಿವರಿಸಬಾರದು. ಕರಾರಿನಲ್ಲಿ ಒಬ್ಬನು ತಪ್ಪಿದರೆ ಮತ್ತೊಬ್ಬನಿಗೆ ಬಿಡುಗಡೆ. ಬೈಬಲ್ಲಿನ ದಾತನು ಆ ಬಿಡುಗಡೆಯನ್ನು ಬಯಸುವುದಿಲ್ಲ. ಊರ ಕೆರೆಯ ಏರಿಯ ಮೇಲಣ ಶಾಸನದ ಕಲ್ಲನ್ನು ಮೊದಲು ಓದಿಸಿ, ಅನಂತರ ಆದಿಕಾಂಡವನ್ನು ಓದಿಸಿದರೆ ಈ ಅರ್ಥವು ಕನ್ನಡ ವಿದ್ಯಾರ್ಥಿಗೆ ಸುಲಭವಾಗಿ ಮನದಟ್ಟಾಗುವುದು.