ಬಡನಡುವಿನ ಭಾರ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಸ್ತ್ರೀಮೂರ್ತಿಗಳು ಗಿಡ್ಡನೆಯವು, ತುಂಬಿದ ಮೈಯವು. ಅದೇ ಕಾಲದ ಕನ್ನಡ ಕಾವ್ಯಗಳ ನಾಯಕಿಯಾದರೋ ಬಡನಡುವಿನವಳು. ಆ ನಡು ಇದೆಯೋ ಇಲ್ಲವೋ ಎಂದು ಕವಿಗಳೇ ಸಂದೇಹಪಡುತ್ತಾರೆ. ಒಂದೇ ನಾಡಿನಲ್ಲಿ ಕಲ್ಲು ಹೇಳಿದ ಚೆಲುವು ಬೇರೆ, ಕಾವ್ಯ ಹೇಳಿದ ಚೆಲುವು ಬೇರೆ. ಬಡನಡುವೆಂಬುದು ಕವಿಸಮಯವೆಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು.

ಈ ಕವಿಸಮಯವನ್ನು ಜನ್ನನು 1209ರ ‘ಯಶೋಧರ ಚರಿತೆ’ಯಲ್ಲಿ ತಲೆಕೆಳಗು ಮಾಡಿದ್ದಾನೆ. ನಾಯಕಿಯರಿಗೆ ಮೀಸಲಾದ ಅಂಗಾಂಗ ವರ್ಣನೆಯ ಕ್ರಮದಲ್ಲಿಯೇ ಮಾವುತ ಅಷ್ಟಾವಂಕನ ಕುರೂಪವನ್ನು ದೂತಿಯ ಬಾಯಿಂದ ಹೇಳಿಸುತ್ತಾನೆ. ರಾಣಿ ಅಮೃತಮತಿ ಅದನ್ನು ಲೆಕ್ಕಿಸುವುದಿಲ್ಲ. ಇರುಳಿನಲ್ಲಿ ಕೇಳಿದ ದನಿಗೆ ಆಕೆ ಆಗಲೇ ಮನಸ್ಸು ಕೊಟ್ಟಿದ್ದಾಳೆ. ಆಕೆಯ ನಡತೆಯನ್ನು ಕಾವ್ಯವು ಖಂಡಿಸುತ್ತದೆ, ನರಕಕ್ಕೂ ಕಳುಹಿಸುತ್ತದೆ. ಆದರೆ ಒಲಿಯುವ ಮನಸ್ಸು ದೇಹದ ಲೆಕ್ಕವನ್ನು ಮೀರಬಲ್ಲದೆಂಬುದನ್ನು ಕವಿ ಮರೆಮಾಚಿಲ್ಲ. ಇದನ್ನು ಸ್ತ್ರೀಚಾಂಚಲ್ಯದ ನಿದರ್ಶನವೆಂದಷ್ಟೇ ಓದಿದರೆ ಕಾವ್ಯಕ್ಕೆ ಅನ್ಯಾಯವಾಗುತ್ತದೆ.

ಕಾವ್ಯದ ಉತ್ಪ್ರೇಕ್ಷೆಯನ್ನು ನಮ್ಮ ಕಾಲವು ಅಳತೆಗೋಲಾಗಿ ಮಾಡಿಕೊಂಡಿದೆ. ದಪ್ಪವಾದೇನೆಂಬ ಭಯದಿಂದ ಅನ್ನ ಬಿಡುವ ರೋಗಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿ ಕೊಟ್ಟರು. ಎಲುಬಿನ ಗೂಡಾದ ಮೇಲೂ ರೋಗಿಗೆ ತನ್ನ ಮೈ ಸ್ಥೂಲವೆಂದೇ ತೋರುತ್ತದೆ. ಅತಿ ಹೆಚ್ಚು ಪ್ರಾಣಹಾನಿ ತರುವ ಮನೋರೋಗಗಳಲ್ಲಿ ಇದೂ ಒಂದು. ತರುಣಿಯರಲ್ಲಿ ಹೆಚ್ಚಾದರೂ ಗಂಡಸರಲ್ಲಿಯೂ ಉಂಟು. ಮುಟ್ಟು ನಿಲ್ಲುವುದನ್ನು ಇದರ ಲಕ್ಷಣಗಳಲ್ಲಿ ಸೇರಿಸಿದ್ದ ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲಿ ಅದನ್ನು ಕೈಬಿಟ್ಟಿತು. ಭಾರತದ ಕೆಲವು ರೋಗಿಗಳು ದಪ್ಪವಾಗುವ ಭಯವನ್ನು ಹೇಳದೆ ಹೊಟ್ಟೆಯ ತೊಂದರೆಯನ್ನಷ್ಟೇ ಹೇಳುವರೆಂದು ವೈದ್ಯರು ಗುರುತಿಸಿದ್ದಾರೆ. ನಮ್ಮ ಮನೆಗಳಲ್ಲಿಯಾದರೋ ಇನ್ನೊಂದು ಮರೆ ಸುಲಭವಾಗಿ ದೊರೆಯುತ್ತದೆ, ಅದು ವ್ರತ.

ಇಲ್ಲಿ ವಿವೇಕ ಬೇಕು. ಅನಶನವು ಆರು ಬಾಹ್ಯ ತಪಗಳಲ್ಲಿ ಮೊದಲನೆಯದು, ನಿಜ. ಆದರೆ ಷೋಡಶ ಭಾವನೆಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ವಿಧಿಸುವುದು ಶಕ್ತಿಗೆ ತಕ್ಕ ತಪವನ್ನು. ಉಪವಾಸಕ್ಕೆ ಸಂಕಲ್ಪವುಂಟು, ಅವಧಿಯುಂಟು, ಪಾರಣೆಯುಂಟು. ಈ ರೋಗಕ್ಕೆ ಪಾರಣೆಯಿಲ್ಲ. ತಪಸ್ವಿಯು ದೇಹವನ್ನು ಮರೆಯಲು ಹಸಿಯುತ್ತಾನೆ. ರೋಗಿಯು ಕ್ಷಣಕ್ಷಣವೂ ದೇಹವನ್ನೇ ತೂಗುತ್ತ ಹಸಿಯುತ್ತಾಳೆ. ಇದೂ ದೇಹಮೋಹವೇ, ಕೇವಲ ದಿಕ್ಕು ಬದಲಾಗಿದೆ. ಅಶುಚಿ ಭಾವನೆಯನ್ನು ಇದಕ್ಕೆ ಸಮರ್ಥನೆಯಾಗಿ ತರುವವರು ಒಂದನ್ನು ನೆನೆಯಲಿ: ಆ ಭಾವನೆಯು ಹೆಣ್ಣು ಗಂಡೆನ್ನದೆ ಎಲ್ಲ ದೇಹಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ನಂಜನಗೂಡಿನಲ್ಲಾಗಲಿ ನರಸೀಪುರದಲ್ಲಾಗಲಿ, ಪಾರಣೆಯ ದಿನವೂ ಮಗಳು ಎಲೆಯ ಮುಂದಿನಿಂದ ಎದ್ದುಹೋದರೆ ಹಿರಿಯರು ಆಕೆಯ ನಿಗ್ರಹವನ್ನು ಹೊಗಳದೆ ಕಾರಣವನ್ನು ವಿಚಾರಿಸಬೇಕು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಂಬಂಧ ಕುದುರಿಸುವಾಗ ಹುಡುಗಿಯ ಮೈಯನ್ನು ತೂಗಿ ಮಾತನಾಡುವ ಅಭ್ಯಾಸವನ್ನು ಮೊದಲು ಬಿಡಬೇಕಾದವರೂ ಆ ಹಿರಿಯರೇ.